ಜೋಲಿಯ ಮೇಲೆ ಕೂರುವ ಸೈಕಲ್

ಮಿಕೇಲ್ ಪೆಡರ್ಸನ್ ಮೊದಲು ಸೀಟು ಮಾಡಿದ, ಆಮೇಲೆ ಅದಕ್ಕೊಪ್ಪುವ ಸೈಕಲ್ ಕಟ್ಟಿದ. ಗಂಟೆಗಟ್ಟಲೆ ತುಳಿದರೂ ನೋಯದ ಸೀಟು ಅವನಿಗೆ ಬೇಕಿತ್ತು. ಹಗ್ಗ ಹೆಣೆದು ಜೋಲಿಯಂಥದ್ದೊಂದನ್ನು ಮಾಡಿದ. ತೂಕ ಸುಮಾರು 110 ಗ್ರಾಂ ಅಷ್ಟೆ. ಆದರೆ ಜೋಲಿ ಕಟ್ಟಲು ಹಿಂದೆ ಮುಂದೆ ಎರಡು ಎತ್ತರದ ತುದಿಗಳು ಬೇಕಲ್ಲ! ಮಾಮೂಲಿ ಫ್ರೇಮಿನಲ್ಲಿ ಅವು ಇರಲಿಲ್ಲ.

ಡೆನ್ಮಾರ್ಕಿನವನಾದ ಪೆಡರ್ಸನ್ 1893ರಲ್ಲಿ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿಗೆ ಬಂದ. ಅವನೇ ರೂಪಿಸಿದ, ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರವನ್ನು ಅಲ್ಲಿನ ಲಿಸ್ಟರ್ ಕಂಪನಿ ತಯಾರಿಸುತ್ತಿತ್ತು. ನಮ್ಮ ಹೊಲಗಳಲ್ಲಿ ನೀರೆತ್ತಿದ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ನಿನ ಮೂಲವೂ ಅದೇ ಕಂಪನಿ. ಸೈಕಲ್ಲಿಗೆ ಪೇಟೆಂಟ್ ಸಿಕ್ಕಿ, 1897ರ ಹೊತ್ತಿಗೆ ಡರ್ಸ್ಲಿ-ಪೆಡರ್ಸನ್ ಮಾರಾಟಕ್ಕೆ ಬಂತು.

ಈ ಫ್ರೇಮಿನ ಅಂದವೇ ಅದರ ವಿಜ್ಞಾನ. ನಾಲ್ಕು ಕಡ್ಡಿಗಳನ್ನು ಮೊಳೆಯಿಂದ ಚೌಕವಾಗಿ ಜೋಡಿಸಿ ಒಂದು ಮೂಲೆಯನ್ನು ಒತ್ತಿದರೆ ಅದು ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲುವುದಿಲ್ಲ. ಯಾವುದಾದರೂ ಕಡ್ಡಿಯ ಉದ್ದವೇ ಬದಲಾಗದೆ ಆಕಾರ ಕೆಡದು. ಹಾಗಾಗಿ ಪ್ರತಿ ಕೊಳವೆಯ ಮೇಲೂ ಬೀಳುವುದು ಬಹುಮಟ್ಟಿಗೆ ಎಳೆತ, ಇಲ್ಲವೇ ಒತ್ತಡ. ಬಾಗಿಸುವ ಬಲ ತೀರ ಕಡಿಮೆ. ಕಬ್ಬಿಣದ ಸೇತುವೆಗಳ ಈ ಉಪಾಯವನ್ನು ಪೆಡರ್ಸನ್ ಸೈಕಲ್ಲಿಗೆ ಇಳಿಸಿದ. ಬೆರಳುಗಾತ್ರದ ಕೊಳವೆಗಳು ಜೋಡಿಜೋಡಿಯಾಗಿ ಸಾಗಿ ತ್ರಿಕೋನಗಳ ಬಲೆಯನ್ನೇ ಕಟ್ಟುತ್ತವೆ, ಮುಂದಿನ ಫೋರ್ಕೂ ಸೇರಿ. ಇದಕ್ಕೆ ತೆತ್ತ ಬೆಲೆಯೂ ಇದೆ: ಸೀಟನ್ನು ಬೇಕಾದಷ್ಟು ಏರಿಸಿ ಇಳಿಸಲಾಗದು. ಸವಾರನ ಎತ್ತರಕ್ಕೆ ತಕ್ಕಂತೆ ಎಂಟು ಅಳತೆಗಳಲ್ಲಿ ಫ್ರೇಮ್ ಮಾಡಬೇಕಾಯಿತು.

ಅವನು ಎಡವಿದ್ದು ಗೇರಿನಲ್ಲಿ. 1903ರ ಸುಮಾರಿಗೆ ಬಂದ ಅವನ ಮೂರು ಗೇರಿನ ಹಬ್, ಲೇತ್ ಯಂತ್ರದಲ್ಲಿರುವಂತೆ ಪಕ್ಕದ ಇನ್ನೊಂದು ಶಾಫ್ಟಿನ ಮೂಲಕ ವೇಗ ಬದಲಿಸುತ್ತಿತ್ತು. ಜಾಣತನದ ರಚನೆಯೇ; ಆದರೆ ಅದರ ಕ್ಲಚ್ ತೊಂದರೆ ಕೊಡುತ್ತಿತ್ತು. ಅದೇ ಕಾಲಕ್ಕೆ ಬಂದ ಸ್ಟರ್ಮಿ-ಆರ್ಚರ್ ಹಬ್ಬಿನದು ಬೇರೆಯೇ ದಾರಿ. ನಟ್ಟನಡುವೆ ಅಲುಗದ ಹಲ್ಲುಚಕ್ರ, ಅದನ್ನು ಸುತ್ತುವ ಪುಟ್ಟ ಚಕ್ರಗಳು, ಅವುಗಳ ಹೊರಗೊಂದು ಹಲ್ಲಿನ ಬಳೆ. 1930ರ ದಶಕದಲ್ಲಿ ಬಂದ ಅದರ ಎಡಬ್ಲ್ಯೂ ಮಾದರಿಯಲ್ಲಿ ಬಳೆಯನ್ನು ತಿರುಗಿಸಿ ಪುಟ್ಟ ಚಕ್ರಗಳ ಕಡೆಯಿಂದ ಚಲನೆ ತೆಗೆದರೆ ವೇಗ ಮುಕ್ಕಾಲು. ಅದಲುಬದಲು ಮಾಡಿದರೆ ಮೂರನೇ ಒಂದು ಪಾಲು ಹೆಚ್ಚು. ಕಾಲದ ಪರೀಕ್ಷೆಯಲ್ಲಿ ಗೆದ್ದದ್ದು ಈ ವಿಧಾನ.

ಮೊದಲ ಮಹಾಯುದ್ಧದ ಹೊತ್ತಿಗೆ ಡರ್ಸ್ಲಿಯಲ್ಲಿ ತಯಾರಿಕೆ ನಿಂತಿತು. ಪೆಡರ್ಸನ್ ಬಡತನದಲ್ಲೇ 1929ರಲ್ಲಿ ತೀರಿಕೊಂಡ. ಆದರೆ ಸುಮಾರು ಅರ್ಧ ಶತಮಾನದ ನಂತರ, 1978ರಲ್ಲಿ, ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾದಲ್ಲಿ ಅವನ ಸೈಕಲ್ ಮತ್ತೆ ಹುಟ್ಟಿತು. ಈಗಿನ ಪೆಡರ್ಸನ್‌ಗಳಿಗೆ ಡಿಸ್ಕ್ ಬ್ರೇಕ್ ಉಂಟು, 14 ಗೇರಿನ ಹಬ್ ಹಾಕಿಸಿಕೊಳ್ಳುವವರೂ ಉಂಟು. ತ್ರಿಕೋನಗಳನ್ನು ಮಾತ್ರ ಯಾರೂ ಮುಟ್ಟಿಲ್ಲ, ಮುಟ್ಟುವ ಅಗತ್ಯವೂ ಬಿದ್ದಿಲ್ಲ.

ನೂರು ವರ್ಷ ದಾಟಿದ ಅಸಲಿ ಪೆಡರ್ಸನ್ನಿಗೆ ಹೊಸ ಗೇರು ಕೂರಿಸುವಾಗ ಮಾತ್ರ ಎಚ್ಚರ ಬೇಕು. ಇಂದಿನ ಹಬ್ಬುಗಳ ಅಗಲ ಸಾಮಾನ್ಯವಾಗಿ 135 ಮಿಲಿಮೀಟರ್. ಹಳೆಯ ಫ್ರೇಮಿನ ಹಿಂದಿನ ಜಾಗ ಇಕ್ಕಟ್ಟು. ಮಾಮೂಲಿ ಉಕ್ಕಿನ ಫ್ರೇಮಾದರೆ ಮೆಕ್ಯಾನಿಕ್ ತುಸು ಹಿಗ್ಗಿಸಿಬಿಡುತ್ತಾನೆ. ಇಲ್ಲಿ ಒಂದು ಕೊಳವೆಯನ್ನು ಎಳೆದರೂ ಅದು ಸೇರಿಕೊಂಡಿರುವ ತ್ರಿಕೋನಗಳ ಬೆಸುಗೆಗಳೆಲ್ಲ ಜಗ್ಗುತ್ತವೆ. ಫ್ರೇಮನ್ನು ಹಿಗ್ಗಿಸುವ ಬದಲು ಇಕ್ಕಟ್ಟಿಗೆ ಹೊಂದುವ ಹಳೆಯ ಸ್ಟರ್ಮಿ-ಆರ್ಚರ್ ಹಬ್ಬನ್ನೇ ಹುಡುಕಿ ಚಕ್ರ ಕಟ್ಟಿಸಬೇಕು. ಪೆಡರ್ಸನ್ನನ ಮೂಲ ಹಬ್ ಸಿಕ್ಕಿದ್ದರೆ, ಅದನ್ನು ಗ್ರೀಸ್ ಹಚ್ಚಿ ಜೋಪಾನವಾಗಿ ಎತ್ತಿಡಬೇಕು.