ಹನ್ನೆರಡು ವರ್ಷದ ಹೂವು, ಅರೆಗಳಿಗೆಯ ಚಿತ್ರ

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯು ಕುರಿಂಜಿಯ ನೀಲಿ ಹೊದ್ದು ನಿಂತಾಗ ಕ್ಯಾಮೆರಾ ಹೆಗಲಿಗೇರಿಸಿ ಹೋದವರಲ್ಲಿ ನಾನೂ ಒಬ್ಬ. ಇಳಿಜಾರಿನ ತುಂಬ ಹೂವು, ಹೂವಿನ ನಡುವೆ ಮೊಬೈಲ್ ಹಿಡಿದ ಜನ. ಚೌಕಟ್ಟಿಗೆ ಅಡ್ಡ ಬಂದ ಕೊಂಬೆಯೊಂದನ್ನು ಬಾಗಿಸಲು ಹೋಗಿ ಮುರಿದೆ. ಅಂದು ಅದು ತಪ್ಪೆಂದು ತೋರಲಿಲ್ಲ. ತಪ್ಪಿನ ಗಾತ್ರ ಅರಿವಾಗಬೇಕಾದರೆ ಆ ಗಿಡದ ಬದುಕನ್ನು ಅರಿಯಬೇಕು.

ಪಶ್ಚಿಮಘಟ್ಟದ ಶೋಲಾ ಹುಲ್ಲುಗಾವಲುಗಳ ನೀಲಕುರಿಂಜಿ 12 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಅರಳುತ್ತದೆ. ಬೀಜ ಕಟ್ಟಿ ಉದುರಿಸಿದ ಬಳಿಕ ಗಿಡ ಸಾಯುತ್ತದೆ. ಮುಂದಿನ ಪೀಳಿಗೆ ಆ ಬೀಜದಿಂದಲೇ ಮೇಲೇಳಬೇಕು. ಈ ವರ್ಷ ಹೂವು ಉದುರಿದರೆ ಮಾವಿಗೆ ಬರುವ ವರ್ಷವಿದೆ. ಕುರಿಂಜಿಗೆ ಅಂಥ ಮರುಸರದಿಯಿಲ್ಲ. ಬೀಜಕ್ಕೆ ಮುನ್ನ ತುಳಿತಕ್ಕೊಳಗಾದ ಗಿಡ ಹನ್ನೆರಡು ವರ್ಷಗಳ ಬಾಳನ್ನು ವ್ಯರ್ಥವಾಗಿ ಮುಗಿಸುತ್ತದೆ.

ಕೇರಳದ ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಈ ಹೂವು 2006ರಲ್ಲಿ, ಬಳಿಕ 2018ರಲ್ಲಿ ಅರಳಿತು. ಮುಂದಿನ ಸರದಿ 2030ರದು. ಸುಮಾರು 97 ಚದರ ಕಿ.ಮೀ. ವಿಸ್ತಾರದ ಆ ಉದ್ಯಾನದಲ್ಲಿ ಪ್ರವಾಸಿಗರಿಗೆ ರಾಜಮಲೆಯ ಭಾಗವಷ್ಟೇ ತೆರೆದಿದೆ. ಛಾಯಾಗ್ರಾಹಕರಿಗೆ ಇಂಥ ಕಟ್ಟುಪಾಡು ಕಿರಿಕಿರಿ ಎನಿಸಬಹುದು. ಆದರೆ ಹೂವಿನ ಛಾಯಾಗ್ರಹಣ ಬೇಡುವುದು ಸಾಮೀಪ್ಯಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು. ಮೋಡ ಕವಿದ ಬೆಳಗಿನ ಮೆದು ಬೆಳಕಿನಲ್ಲಿ ನೀಲಿಯ ಛಾಯೆಗಳು ಉಳಿಯುತ್ತವೆ. ನಡುಹಗಲ ಬಿಸಿಲು ಅವನ್ನು ಬಿಳಿಚಿಸುತ್ತದೆ. ಗಾಳಿ ತಣಿಯುವ ಕ್ಷಣಕ್ಕಾಗಿ ಕಾಯಬೇಕೇ ಹೊರತು ದಂಟನ್ನು ಹಿಡಿದು ನಿಲ್ಲಿಸಬಾರದು. ಕಾಲುದಾರಿಯಿಂದ ದೂರವಿರುವ ಹೂವಿಗೆ ಉದ್ದ ಲೆನ್ಸ್ ಸಾಕು.

ನೀಲಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕಾಡಿನಿಂದ ಅದನ್ನು ಕೀಳುವುದು ಅಪರಾಧ. ಆದರೆ ಪ್ರತಿ ಹೆಜ್ಜೆಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಜಾಗದ ಗುರುತು ಸಹಿತ ಹಂಚಿಕೊಂಡ ನಮ್ಮ ಚಿತ್ರಗಳೇ ಜನಜಂಗುಳಿಯನ್ನು ಆಹ್ವಾನಿಸುತ್ತವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹಾಗೆಂದು ಕ್ಯಾಮೆರಾವನ್ನು ದೂರುವುದು ಸಲ್ಲ. ಕುರಿಂಜಿಯ ಬಳಗದಲ್ಲಿ ಹಲವು ಪ್ರಭೇದಗಳಿದ್ದು, ಅವು ಅರಳುವ ಅವಧಿಯೂ ಬೇರೆ ಬೇರೆ. ಹೂವಿನೊಂದಿಗೆ ಎಲೆ, ಕಾಂಡಗಳನ್ನೂ ತೋರಿಸುವ, ದಿನಾಂಕ ನಮೂದಿಸಿದ ಚಿತ್ರ ಸಸ್ಯತಜ್ಞರಿಗೆ ದಾಖಲೆಯಾಗಬಲ್ಲದು. ಅಂಥ ಚಿತ್ರಕ್ಕೆ ಹೂವಿನ ನಡುವೆ ನಮ್ಮ ಮುಖ ಬೇಕಿಲ್ಲ.

ಅಂದು ತೆಗೆದ ಚಿತ್ರ ಇಂದಿಗೂ ನನ್ನ ಬಳಿ ಇದೆ. ಮುರಿದ ಕೊಂಬೆಯ ಬೀಜ ಮಾತ್ರ ಗಿರಿಯ ಮಣ್ಣಿಗೆ ಸೇರಲಿಲ್ಲ. 2030ಕ್ಕೆ ಇರವಿಕುಳಂಗೆ ಹೊರಡುವವರು ಈ ಲೆಕ್ಕವನ್ನು ಮನದಲ್ಲಿಟ್ಟುಕೊಂಡರೆ ಸಾಕು.