ಹೆಚ್ಚಿದ ಆಯುಷ್ಯ, ಸವೆದ ಕೀಲು

ದೀರ್ಘಾಯುಷ್ಯವು ವರವೇ ಸರಿ. ಆದರೆ ನಡೆದಾಡಲಾರದ ದೀರ್ಘಾಯುಷ್ಯವು ತನಗೂ ಮನೆಯವರಿಗೂ ಭಾರವಾಗುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ಶೇಕಡಾ 8.6. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 9.5. ವೃದ್ಧರ ಸಂಖ್ಯೆಯೊಡನೆ ಬೆಳೆಯುತ್ತಿರುವ ವ್ಯಾಧಿಗಳಲ್ಲಿ ಕೀಲುಸವೆತ ಪ್ರಮುಖವಾದುದು. ಆಧುನಿಕ ವೈದ್ಯರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಆಯುರ್ವೇದದಲ್ಲಿ ಇದು ಸಂಧಿಗತವಾತ. ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ 1990ರಲ್ಲಿ ನಮ್ಮ ದೇಶದ ಸುಮಾರು 2.3 ಕೋಟಿ ಜನರಲ್ಲಿದ್ದ ಈ ಬಾಧೆ 2019ರ ವೇಳೆಗೆ 6.2 ಕೋಟಿ ಜನರಿಗೆ ವ್ಯಾಪಿಸಿತ್ತು.

ಎಲುಬುಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯು ಕ್ರಮೇಣ ಸವೆದು, ಕೀಲು ಬಿಗಿಯುವುದು, ಊದುವುದು, ಮಡಚಿ ಚಾಚುವಾಗ ನೋಯುವುದು ಇದರ ಲಕ್ಷಣ. ಗಾಳಿ ತುಂಬಿದ ಚರ್ಮದ ಚೀಲವನ್ನು ಮುಟ್ಟಿದಂತಹ ಬಾವು ಮತ್ತು ಈ ನೋವನ್ನು ಚರಕಾಚಾರ್ಯರು ವಾತವ್ಯಾಧಿಯ ಅಧ್ಯಾಯದಲ್ಲಿಯೇ ವರ್ಣಿಸಿದ್ದಾರೆ. ವಯೋವೃದ್ಧಿ, ಸ್ಥೂಲಕಾಯ, ಹಳೆಯ ಪೆಟ್ಟು, ಕುಕ್ಕರಗಾಲಿನ ದೀರ್ಘ ದುಡಿಮೆ ಇವು ಮುಖ್ಯ ಕಾರಣಗಳು. ಮುಟ್ಟು ನಿಂತ ಅನಂತರ ಸ್ತ್ರೀಯರಲ್ಲಿ ಈ ರೋಗ ಅಧಿಕ. ನಾಟಿ, ಕಳೆ, ಒಲೆ, ಬಟ್ಟೆ ಒಗೆತ ಎಂದು ಬದುಕಿಡೀ ಮಂಡಿ ಮಡಚಿದ ತಾಯಂದಿರು ನೋವನ್ನು ಹೇಳಿಕೊಳ್ಳುವುದೂ ತಡವಾಗಿಯೇ.

ಈ ರೋಗ ಪ್ರಾಣ ತೆಗೆಯುವುದಿಲ್ಲವೆಂದು ಉದಾಸೀನ ಮಾಡುವವರಿದ್ದಾರೆ. ನಡಿಗೆ ನಿಂತರೆ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಹತೋಟಿ ತಪ್ಪುತ್ತವೆ, ಜಾರಿ ಬೀಳುವ ಭಯ ಹೆಚ್ಚುತ್ತದೆ. ಶುಶ್ರೂಷೆಗಾಗಿ ಮಗಳೋ ಸೊಸೆಯೋ ಕೂಲಿ ಬಿಡಬೇಕಾಗುತ್ತದೆ. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವವಿದೆ. 2017ರಲ್ಲಿ ಕೇಂದ್ರ ಸರಕಾರವು ಸಾಮಾನ್ಯ ಬಗೆಯ ಕೃತಕ ಮಂಡಿಗೆ ತೆರಿಗೆ ಹೊರತು 54,720 ರೂಪಾಯಿಗಳ ಗರಿಷ್ಠ ಬೆಲೆ ನಿಗದಿಪಡಿಸಿತು. ಆದರೂ ಆಸ್ಪತ್ರೆಯ ಉಳಿದ ವೆಚ್ಚ ಬಡವರಿಗೆ ಇಂದಿಗೂ ಭಾರವೇ.

ಆದುದರಿಂದ ಪಥ್ಯ ಮತ್ತು ವ್ಯಾಯಾಮಗಳೇ ಮೊದಲ ಚಿಕಿತ್ಸೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸುವಷ್ಟು ಹೊತ್ತು ಹಿಡಿದು ಇಳಿಸಬೇಕು. ಹೀಗೆ ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆರಡು ಬಾರಿ ಮಾಡಿದರೆ ತೊಡೆಯ ಸ್ನಾಯು ಬಲಗೊಂಡು ಮಂಡಿಗೆ ಆಸರೆಯಾಗುತ್ತದೆ. ಸಮತಟ್ಟಾದ ನೆಲದಲ್ಲಿ ನಡಿಗೆಯನ್ನು ಬಿಡಬಾರದು.

ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಲಕ್ಕಿಸೊಪ್ಪಿನ ಶಾಖ, ವೈದ್ಯರ ಬಳಿ ಜಾನುಬಸ್ತಿ ಇವು ನೋವು, ಬಿಗಿತಗಳನ್ನು ತಗ್ಗಿಸಲು ನೆರವಾಗುತ್ತವೆ. ಕೀಲು ಕೆಂಪೇರಿ ಬಿಸಿಯಾಗಿದ್ದರೆ ಅಥವಾ ಜ್ವರವಿದ್ದರೆ ತಿಕ್ಕುವುದಾಗಲಿ, ಶಾಖ ಕೊಡುವುದಾಗಲಿ ಸಲ್ಲದು. ಕೂಡಲೇ ಪರೀಕ್ಷೆ ಮಾಡಿಸಬೇಕು. ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಬೆಳೆಸುತ್ತೇವೆಂದು ಯಾವ ಪದ್ಧತಿಯವರು ಮಾತು ಕೊಟ್ಟರೂ ನಂಬಬೇಡಿರಿ. ರೋಗ ತೀವ್ರವಾಗಿ ಬದುಕೇ ಕುಂಠಿತವಾದಾಗ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವುದೂ ಸರಿಯಲ್ಲ.

ಹಿರಿಯರ ಆರೋಗ್ಯಕ್ಕಾಗಿ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಗಿದೆ. ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟರು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಬರುವಂತಾಗಬೇಕು. ನಮ್ಮ ಪಾಲಿನ ಕೆಲಸವೂ ಇದೆ. ಮೆಟ್ಟಿಲಿಗೆ ಹಿಡಿಗಂಬಿ, ಶೌಚಾಲಯದಲ್ಲಿ ಎತ್ತರದ ಪೀಠ, ದಾಸೋಹದ ಪಂಕ್ತಿಯ ಬದಿಯಲ್ಲಿ ನಾಲ್ಕು ಕುರ್ಚಿ ಇಡುವುದು ದೊಡ್ಡ ಖರ್ಚಲ್ಲ. ನೆಲದಲ್ಲಿ ಕೂರಲಾರದ ಹಿರಿಯರು ಕುರ್ಚಿ ಕೇಳಲು ಸಂಕೋಚಪಡಬಾರದು. ಅವರು ಕೇಳುವ ಮೊದಲೇ ಕಿರಿಯರು ತಂದಿಟ್ಟರೆ ಇನ್ನೂ ಲೇಸು.