ಮಾಟುಂಗಾದ ಗಾಳಿ, ಬೆಳಕು

ಮುಂಬಯಿಯ ಕನ್ನಡಿಗರಿಗೆ ಮಾಟುಂಗಾ ಎಂಬುದು ಬರಿಯ ರೈಲು ನಿಲ್ದಾಣದ ಹೆಸರಲ್ಲ. ಮುಂಜಾನೆಯ ಹೂವಿನಂಗಡಿ, ಬಾಳೆಯೆಲೆಯ ಊಟ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ನಾಟಕ, ಇವೆಲ್ಲವೂ ಸೇರಿ ಪರಸ್ಥಳದಲ್ಲಿ ನಮ್ಮವರಿಗೆ ಒಂದು ಸ್ವಂತ ಊರನ್ನು ಒದಗಿಸಿವೆ. ಆದರೆ ಈ ಬಡಾವಣೆಯ ಹುಟ್ಟಿಗೆ ಒಂದು ಮಹಾಮಾರಿಯು ಕಾರಣವಾಯಿತೆಂಬುದು ಅನೇಕರಿಗೆ ತಿಳಿಯದು.

1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೇಗಾಸರು ಮಾಂಡವಿಯ ರೋಗಿಯೊಬ್ಬರಲ್ಲಿ ಪ್ಲೇಗನ್ನು ಗುರುತಿಸಿದರು. ಅದನ್ನು ಹರಡಿದುದು ಇಲಿಗಳ ಮೈಮೇಲಿನ ಚಿಗಟ. ಅಂದಿನ ಅಧಿಕಾರಿಗಳಾದರೋ ಗಾಳಿ ಬೆಳಕಿಲ್ಲದ ಕಿಕ್ಕಿರಿದ ಕೋಣೆಗಳನ್ನೇ ದೂರಿದರು. ಕಾರಣವನ್ನು ಊಹಿಸುವುದರಲ್ಲಿ ತಪ್ಪಿದರೂ ಪರಿಹಾರವು ವ್ಯರ್ಥವಾಗಲಿಲ್ಲ. ಏಕೆಂದರೆ ಗಾಳಿಯಾಡದ ಕೋಣೆಯಲ್ಲಿ ಕ್ಷಯರೋಗವು ಸುಲಭವಾಗಿ ಹಬ್ಬುತ್ತದೆ. 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ, ಮಾಟುಂಗಾಗಳ ಬಯಲಿನಲ್ಲಿ ಅಗಲವಾದ ರಸ್ತೆಗಳನ್ನೂ ಉದ್ಯಾನಗಳನ್ನೂ ಯೋಜಿಸಿತು. ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ಕಿಟಕಿಯ ಮುಂದಿರಬೇಕೆಂಬ ಸೂತ್ರವನ್ನು ಟ್ರಸ್ಟಿನ ಆಡಳಿತಗಾರರು ಪ್ರತಿಪಾದಿಸಿದರು. ಎಂದರೆ 40 ಅಡಿ ಎತ್ತರದ ಕಟ್ಟಡಕ್ಕೆ 20 ಅಡಿ ಬಯಲು.

ಫೈವ್ ಗಾರ್ಡನ್ಸ್ ಮತ್ತು ಕಿಂಗ್ಸ್ ಸರ್ಕಲ್ ಸುತ್ತಮುತ್ತ ಎರಡು ಮೂರು ಅಂತಸ್ತಿನ, ದುಂಡು ಮೂಲೆಯ ಬಾಲ್ಕನಿಗಳುಳ್ಳ ಮನೆಗಳು ಎದ್ದವು. ಕಚೇರಿಗಳ ಗುಮಾಸ್ತರು ಅಲ್ಲಿ ಬಾಡಿಗೆಗೆ ನೆಲೆಸಿದರು. ಒಂಟಿಯಾಗಿ ಬಂದವರಿಗೆ 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅನ್ನವಿಕ್ಕಿತು. 1964ರಲ್ಲಿ ನಗರದ ಟ್ರಾಮು ನಿಂತುಹೋದರೂ ದಾದರ ಟಿ.ಟಿ. ಎಂಬ ಹೆಸರಿನಲ್ಲಿ ಟ್ರಾಮಿನ ನೆನಪು ಇಂದಿಗೂ ಉಳಿದಿದೆ.

ಇಂಥ ಮನೆಗಳು ಇಂದು ಒಂದೊಂದಾಗಿ ಕಣ್ಮರೆಯಾಗುತ್ತಿರುವುದೇಕೆ? ಇದರ ಹಿಂದೆ ಒಂದು ಲೆಕ್ಕಾಚಾರವುಂಟು. 1947ರ ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಬಾಡಿಗೆಗಳನ್ನು 1940ರ ಮಟ್ಟದಲ್ಲಿಯೇ ಕಟ್ಟಿಹಾಕಿತು. ಇದರಿಂದ ಬಡ ಬಾಡಿಗೆದಾರನಿಗೆ ರಕ್ಷಣೆ ದೊರೆಯಿತು. ಆದರೆ ಬಂದ ಬಾಡಿಗೆ ಸುಣ್ಣಬಣ್ಣಕ್ಕೂ ಸಾಲದಾದಾಗ ಮಾಲೀಕನು ದುರಸ್ತಿಯನ್ನೇ ಕೈಬಿಟ್ಟನು. ತೊಲೆಗಳು ಶಿಥಿಲವಾದವು, ಗೋಡೆಗಳು ಸೋರಿದವು. 1991ರ ಅಭಿವೃದ್ಧಿ ನಿಯಮಗಳು ಇಂಥ ಕಟ್ಟಡಗಳನ್ನು ಕೆಡವಿ ಕಟ್ಟುವವರಿಗೆ ಹೆಚ್ಚಿನ ಎಫ್.ಎಸ್.ಐ.ಯನ್ನು ಕೊಟ್ಟವು. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ನೆಲವನ್ನು ಕಟ್ಟಬಹುದೆಂಬುದೇ ಎಫ್.ಎಸ್.ಐ. ಅದು 3 ಇದ್ದರೆ 1,000 ಚದರ ಮೀಟರಿನ ನಿವೇಶನದಲ್ಲಿ 3,000 ಚದರ ಮೀಟರ್ ನೆಲ. ಹಳಬರಿಗೆ ಮನೆಯನ್ನು ಉಚಿತವಾಗಿ ಕೊಟ್ಟು, ಉಳಿದುದನ್ನು ಮಾರಿ ಬಿಲ್ಡರನು ಲಾಭ ಪಡೆಯುತ್ತಾನೆ. ನೆಲ ಬೆಳೆಯದು, ಆದುದರಿಂದ ಕಟ್ಟಡ ಮೇಲಕ್ಕೆ ಬೆಳೆಯುತ್ತದೆ.

ಈ ಬದಲಾವಣೆಯನ್ನು ಕೇವಲ ಹಳಿಯುವುದು ನ್ಯಾಯವಲ್ಲ. ಮೊಣಕಾಲು ನೋವಿನ ವೃದ್ಧರಿಗೆ ಲಿಫ್ಟು ವರವೇ ಸರಿ. ಕುಸಿಯುವ ಛಾವಣಿಯ ಭಯ ತಪ್ಪಿದುದೂ ಸಣ್ಣ ಲಾಭವಲ್ಲ. ಆದರೆ ಕೆಳಗಿನ ಅಂತಸ್ತುಗಳು ಮೋಟಾರುಗಳ ಪಾಲಾಗುತ್ತವೆ. ಮಕ್ಕಳು ಆಡುತ್ತಿದ್ದ ಅಂಗಳ ಕಿರಿದಾಗುತ್ತದೆ. ಎದುರಿನ ಗೋಡೆ ಹತ್ತಿರ ಬಂದು ಹಗಲಿನಲ್ಲಿಯೂ ದೀಪ ಹಚ್ಚಬೇಕಾಗುತ್ತದೆ. ಬಾಲ್ಕನಿಯಿಂದ ಬೀದಿಯ ಪರಿಚಿತರನ್ನು ಮಾತನಾಡಿಸುತ್ತಿದ್ದ ಹಿರಿಯರು ಮೇಲಿನ ಅಂತಸ್ತಿನಲ್ಲಿ ಏಕಾಂಗಿಗಳಾಗುತ್ತಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈ ನಗರದಲ್ಲಿ ಮನೆ ಕೆಡವುವ ಒಪ್ಪಂದವೂ ಅಷ್ಟೇ ಕಠಿನ. ಸಾಮಾನ್ಯವಾಗಿ ಎಲ್ಲರೂ ಕೇಳುವುದು, ಎಷ್ಟು ಚದರ ಅಡಿ ಹೆಚ್ಚು ಎಂಬ ಒಂದೇ ಪ್ರಶ್ನೆ. ಸಹಿ ಹಾಕುವ ಮುನ್ನ ಇನ್ನೂ ಕೆಲವನ್ನು ಕೇಳಬೇಕು. ಮಲಗುವ ಕೋಣೆಗೆ ಗಾಳಿ ಯಾವ ದಿಕ್ಕಿನಿಂದ ಬರುವುದು? ಎದುರು ಗೋಡೆ ಎಷ್ಟು ಅಡಿ ದೂರ? ಅಡಿಗೆಮನೆಯ ಕಿಟಕಿ ಬಯಲಿಗೆ ತೆರೆಯುವುದೋ, ಕೊಳವೆಗಳ ಇಕ್ಕಟ್ಟಿಗೋ? ವೃದ್ಧರು ಅಡ್ಡಾಡಲು ನೆಲದ ಮೇಲೆ ಸ್ಥಳವುಂಟೆ? ಲಿಫ್ಟು, ಪಂಪು, ಕಾವಲುಗಾರ ಇವುಗಳ ಮಾಸಿಕ ವೆಚ್ಚವನ್ನು ನಿವೃತ್ತಿ ವೇತನ ತಾಳಬಲ್ಲುದೆ? ಉತ್ತರಗಳು ಬಾಯಿಮಾತಿನಲ್ಲಿ ಉಳಿಯದೆ ನಕ್ಷೆಯಲ್ಲಿಯೂ ಕರಾರಿನಲ್ಲಿಯೂ ಇರತಕ್ಕದ್ದು.

ಕಿಟಕಿಯ ಮುಂದೆ ಒಂದಿಷ್ಟು ಬಯಲು ಬೇಕೆಂಬ ಪಾಠವನ್ನು ಮುಂಬಯಿ ಸಾವಿರಾರು ಪ್ರಾಣಗಳನ್ನು ತೆತ್ತು ಕಲಿತಿತ್ತು. ಹೊಸ ಮನೆಯ ಬೀಗದ ಕೈ ಪಡೆಯುವ ಸಂಭ್ರಮದಲ್ಲಿ ಅದನ್ನು ಮರೆಯದಿರುವುದು ಲೇಸು.